ಕೊನೆಯ ಹೆಸರಾದ ಮೇಲೆ ಎಂಟರ್

ಇನ್ನೊಮ್ಮೆ ಅನ್ನು, ಅವ್ವಣ್ಣ ಸುಳ್ಳ ಹೇಳ್ಯಾನಂತ ನನ್ನ ಮಾರಿ ನೋಡಿ ಇನ್ನೊಮ್ಮೆ ಅನ್ನು ಅಕ್ಕಾ, ಎಂದು ದುರ್ಗಾ ಒದರುತ್ತಿದ್ದಾಳೆ, ನನ್ನ ಸ್ವಂತ ತಂಗಿ, ಹೇನು ಹೆಕ್ಕಿ ಜಡೆ ಹಾಕಿ ಬೆಳೆಸಿದವಳು, ನನ್ನ ಕಣ್ಣು ಮಾತ್ರ ಅವಳನ್ನು ಬಿಟ್ಟು ಫ್ಯಾನಿನ ರೆಕ್ಕೆಯ ಮೇಲೆ ಕೂತ ನೊಣವನ್ನು ನೋಡುತ್ತಿದೆ, ಗುರುವಾರ, ನಮ್ಮ ಯೆರವಡಾದಲ್ಲಿ ಗುರುವಾರ ಬೆಳಿಗ್ಗೆಯಿಂದ ಸಂಜೆಯತನಕ ಕರೆಂಟ್ ಇರುವುದಿಲ್ಲ, ಫ್ಯಾನು ನಿಂತರೆ ನೊಣ ಕೂಡ ಸಾಹುಕಾರನ ಹಾಗೆ ಕೂತು ಕೈ ಉಜ್ಜಿಕೊಳ್ಳುತ್ತದೆ, ಕೆಳಗೆ ದೇವದಾಸರ ಹೋಟೆಲಿನಿಂದ ಈರುಳ್ಳಿ ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ — ಅಂತೀನಿ, ಹತ್ತು ಸಲ ಅಂತೀನಿ, ನನಗ ಯಾರಪ್ಪನ ಅಂಜಿಕಿ ಅದ, ಹೆಸರು ಫ್ಲಾಪಿಯೊಳಗ ಇದ್ದಿದ್ರ ಪಾಸ್ ಬರ್ತಿತ್ತು, ಪಾಸ್ ಬಂದಿಲ್ಲ, ಅಂದ್ರ ಹೆಸರು ಇದ್ದಿಲ್ಲ, ಮುಗೀತು. ಇಷ್ಟು ಸರಳ ಮಾತಿಗೆ ಯಾಕೆ ಇಷ್ಟು ಒದರಾಟ. ಬೆಳಿಗ್ಗೆ ತಳೇಗಾಂವದ ಫ್ಯಾಕ್ಟರಿ ಗೇಟಿನಲ್ಲಿ ಅವ್ವಣ್ಣನನ್ನು ತಡೆದರಂತೆ, ಜೊತೆಗೆ ಹೋದವರೆಲ್ಲ ಪಾಸ್ ತೋರಿಸಿ ಒಳಗೆ ಹೋದರಂತೆ, ಇವನ ಪಾಸ್ ಕಟ್ಟಿನಲ್ಲೇ ಇರಲಿಲ್ಲವಂತೆ, ಬುತ್ತಿ ಬಿಚ್ಚದೆ ಲೋಕಲ್ ಹಿಡಿದು ಮರಳಿ ಬಂದನಂತೆ, ಬಂದರೆ ಬಂದ, ನಾನೇನು ಗೇಟು ಕಾಯುವವಳೇ. ಕೂಲಿ ಜನರನ್ನು ಫ್ಯಾಕ್ಟರಿಗೆ ಕಳಿಸುವವನು ಪ್ರಲ್ಹಾದ, ಮುಕಾದಮ, ಹೆಸರುಗಳ ಫೈಲನ್ನು ಫ್ಲಾಪಿಯಲ್ಲಿ ತುಂಬಿ ಕೊಡುವವನೂ ಅವನೇ, ಈ ಕಂಪ್ಯೂಟರ್ ಕ್ಲಾಸಿನಲ್ಲಿ ನಾವು ಅಕ್ಕತಂಗಿ ಮಾಡುವುದು ಇಷ್ಟೇ, ಆ ಫೈಲನ್ನು ನಮ್ಮ ಪ್ರೋಗ್ರಾಮಿಗೆ ಓದಿಸುತ್ತೇವೆ, ಪ್ರೋಗ್ರಾಂ ಒಂದೊಂದು ಹೆಸರಿಗೆ ಒಂದೊಂದು ಗೇಟ್ ಪಾಸ್ ಅಚ್ಚು ಹಾಕುತ್ತದೆ, ಕಟ್ಟು ಕಟ್ಟಿ ಕೊಡುತ್ತೇವೆ. ಪ್ರಲ್ಹಾದ ಬೆಳಿಗ್ಗೆಯೇ ಕೆಳಗಿನ ಹೋಟೆಲಿಗೆ ಫೋನ್ ಮಾಡಿದ, ಕಾಯ್ ಹೋ ತಾಈ, ಅವ್ವಣ್ಣಾಚಾ ಪಾಸ್ ಕುಠೇ ಆಹೇ, ಪಾಸ್ ಎಲ್ಲಿ ಎಂದು, ನಾನು ಗಲ್ಲೆಯ ಹತ್ತಿರ ನಿಂತು ಚಹಾ ಕುಡಿಯುತ್ತಲೇ ಹೇಳಿದೆ, ನಾವಚ್ ನವ್ಹತಂ, ಹೆಸರೇ ಇರಲಿಲ್ಲ, ಇದ್ದರೆ ಬರುತ್ತಿತ್ತು. ತಡವಾಗಿ ಬಂದಿದ್ದ, ನೇರ ನಿಮ್ಮ ಕ್ಲಾಸಿಗೆ ಹೋಗಿ ಹಾಕಿಸು ಅಂದಿದ್ದೆ, ಹಾಕಿಸಿದೆ ಅಂತಾನಲ್ಲ, ನನಗೇ ಸುಳ್ಳು ಹೇಳಿದನಾ ಹರಾಮಿ, ಎಂದ ಪ್ರಲ್ಹಾದ. ಅದು ನಿಮ್ಮಿಬ್ಬರ ವ್ಯವಹಾರ ಎಂದು ಫೋನ್ ಇಟ್ಟೆ. ಚಹಾ ಇನ್ನೂ ಬಿಸಿ ಇತ್ತು. ತಪ್ಪೇನಿದೆ ಇದರಲ್ಲಿ, ಫ್ಲಾಪಿ ತೆರೆದು ನೋಡಿದಿಯಾ ಅಕ್ಕ ಎನ್ನುತ್ತಾಳೆ ಇವಳು, ಕರೆಂಟ್ ಇಲ್ಲದ ಗುರುವಾರ ಫ್ಲಾಪಿಯನ್ನು ಏನು ಬಿಸಿಲಿಗೆ ಹಿಡಿದು ನೋಡಬೇಕೇ. ನೋಡುವ ಗರಜೂ ಇಲ್ಲ. ನನ್ನ ಪ್ರೋಗ್ರಾಂ ನನಗೆ ಗೊತ್ತು.

ನಾನು ಬರೆದದ್ದು ಅದು, ಪುಸ್ತಕದಿಂದ ಇಳಿಸಿದ್ದಲ್ಲ. ಸುರಪುರದ ಕಡೆಯ ಊರು ನಮ್ಮದು, ಎರಡು ಕೋಣೆಯ ಶಾಲೆ, ಒಬ್ಬರೇ ಮಾಸ್ತರು, ಏಳನೆಯ ತರಗತಿಯತನಕ ಅವರು ಕಲಿಸಿದ್ದು ಒಂದೇ ವಿದ್ಯೆ, ಓದುವಾಗ ಸಾಲಿನ ಕೆಳಗೆ ಬೆರಳಿಡು, ಬೆರಳು ಮುಂದೆ ಹೋಗದೆ ಬಾಯಿ ಮುಂದೆ ಹೋಗಬಾರದು, ಬಾಯಿ ಓಡಿದರೆ ಬೆರಳಿಗೆ ಛಡಿ, ಚುರುಕ್ ಅನ್ನುವ ಆ ಛಡಿ ಏಟು ಈಗಲೂ ತೋರುಬೆರಳಿನ ಗೆಣ್ಣಿನಲ್ಲಿದೆ. ಮದುವೆಯಾಗಿ ಪುಣೆಗೆ ಬಂದೆ, ಗಂಡ ಕಾಶಪ್ಪ ಗೌಂಡಿ, ನಾನು ಅವನ ಕೈಗೆ ಇಟ್ಟಿಗೆ ಕೊಡುವವಳು, ಅವನು ಈಗಲೂ ಗೌಂಡಿಯೇ, ಸಾಸವಡದ ಕಡೆ ಕಟ್ಟಡದ ಕೆಲಸ, ರವಿವಾರಕ್ಕೊಮ್ಮೆ ಮನೆಗೆ ಬರುತ್ತಾನೆ, ಬಂದಾಗ ಮಾತು ಕಡಿಮೆ ನಿದ್ದೆ ಹೆಚ್ಚು, ನಾನು ಮಾತ್ರ ಇಟ್ಟಿಗೆ ಬಿಟ್ಟು ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂತೆ, ಪಾಸಾದೆ, ತೊಂಬತ್ತೆರಡರಲ್ಲಿ ಕ್ಯಾಂಪಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ, ಬಾಈ, ತುಮ್ಹಾಲಾ ಇಂಗ್ಲಿಶ್ ಯೇತ್ ನಾಹೀ ಎಂದು ಅಲ್ಲಿಯ ಸರ್ ನಕ್ಕರು, ಬರುವುದಿಲ್ಲ, ಏನೀಗ, ಸಿ ಭಾಷೆಯಲ್ಲಿ ಇರುವ ಮಾತು ಎಷ್ಟು, ಇಫ್, ವೈಲ್, ಬ್ರೇಕ್, ರಿಟರ್ನ್, ಎಲ್ಲ ಸೇರಿಸಿದರೆ ಒಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರಬಹುದು, ನಮ್ಮಪ್ಪನ ಎತ್ತಿಗೆ ಅದಕ್ಕಿಂತ ಹೆಚ್ಚು ಮಾತು ತಿಳಿಯುತ್ತಿದ್ದವು. ಮತ್ತು ಫೈಲು ಓದುವುದು ಅಂದರೆ ಬೆರಳಿಟ್ಟು ಓದುವುದೇ, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಫೈಲು ತೆರೆ ಎಂದರೆ ಮಶಿನ್ನು ಮೊದಲ ಸಾಲಿನ ಕೆಳಗೆ ಬೆರಳಿಡುತ್ತದೆ, ಒಂದು ಸಾಲು ಓದು ಎಂದರೆ ಓದಿ ಬೆರಳನ್ನು ಕೆಳಗಿನ ಸಾಲಿಗೆ ಸರಿಸುತ್ತದೆ, ಸಾಲು ತೀರಿದರೆ ತೀರಿತು ಎನ್ನುತ್ತದೆ, ಇಷ್ಟನ್ನು ಆ ಸರ್ ಒಂದು ವಾರ ಇಂಗ್ಲಿಷಿನಲ್ಲಿ ಹೇಳಿದರು, ಇಡೀ ಕ್ಲಾಸು ಬಾಯಿ ತೆರೆದು ಕೂತಿತ್ತು, ನನಗೆ ಮೊದಲ ದಿನವೇ ತಿಳಿಯಿತು. ಈಗ ನನ್ನ ಕ್ಲಾಸಿನಲ್ಲಿ ಅದನ್ನು ಬೆಂಚಿನ ಮೇಲೆ ಕಲಿಸುತ್ತೇನೆ. ಮೊದಲು ಬೆಂಚು, ಆಮೇಲೆ ಬೋರ್ಡು, ಮಶಿನ್ನು ಎಲ್ಲಕ್ಕಿಂತ ಕೊನೆಗೆ. ಹುಡುಗಿಯರು ಸಾಲಾಗಿ ಕೂರಬೇಕು, ಒಬ್ಬೊಬ್ಬಳೂ ಫೈಲಿನ ಒಂದೊಂದು ಸಾಲು, ನಡುವೆ ಒಂದು ಗೇಣು ಜಾಗ, ಆ ಗೇಣೇ ಎಂಟರ್, ಒಬ್ಬಳು ಓದುವವಳಾಗಿ ನಡೆಯುತ್ತ ಬಂದು ತಲೆ ಮುಟ್ಟಿ ಹೆಸರು ಕೇಳಿ ಕೂಗಬೇಕು, ಬೆಂಚಿನ ತುದಿಯಲ್ಲಿ ನಾನು ನಿಂತಿರುತ್ತೇನೆ ಗೋಡೆಯ ಹಾಗೆ, ನನ್ನನ್ನು ಮುಟ್ಟಿದರೆ ಮುಗೀತು ಎಂದು ಗದರಿಸುತ್ತೇನೆ, ಎಲ್ಲರೂ ನಗುತ್ತಾರೆ, ನಕ್ಕವರು ಮರೆಯುವುದಿಲ್ಲ. ಮೊದಮೊದಲು ಒಂದು ಕಾಟವಿತ್ತು, ಕೊನೆಯ ಹೆಸರು ಎರಡು ಸಲ ಬರುತ್ತಿತ್ತು, ಏಕೆಂದರೆ ಓದುವ ಮುಂಚೆ ಮುಗೀತಾ ಎಂದು ಕೇಳಬೇಕು ಅಂತ ಪುಸ್ತಕದಲ್ಲಿ ಬರೆದಿತ್ತು, ನಡೆಯುವವಳು ಕೊನೆಯವಳ ಹೆಸರು ಕೂಗಿದ್ದಾಳೆ, ಇನ್ನೂ ನನ್ನನ್ನು ಮುಟ್ಟಿಲ್ಲ, ಮುಗೀತಾ ಎಂದರೆ ಇಲ್ಲ ಎನ್ನುತ್ತಾಳೆ, ಮುಂದೆ ಹೋದರೆ ಅಲ್ಲಿ ಹುಡುಗಿಯಿಲ್ಲ, ಗೋಡೆಯಾದ ನಾನೇ, ಬಾಯಲ್ಲಿ ಉಳಿದ ಹೆಸರನ್ನೇ ಇನ್ನೊಮ್ಮೆ ಕೂಗಿಬಿಡುತ್ತಾಳೆ. ಒಬ್ಬನಿಗೇ ಎರಡು ಪಾಸ್ ಬಂದು ಗೇಟಿನವರು ಆ ಬಡಪಾಯಿಯನ್ನು ಹಿಡಿದು ಕೂಡಿಸಿದ್ದರು. ನಾನು ತಲೆ ಓಡಿಸಿದೆ, ಮೊದಲು ಓದು, ಓದಿದ ಕೂಡಲೇ ಮುಗೀತಾ ಎಂದು ಕೇಳು, ಮುಗಿದಿದ್ದರೆ ಬಾಯಲ್ಲಿರುವುದನ್ನು ಕೂಗದೆ ಅಲ್ಲೇ ಬಿಟ್ಟು ಹೊರಡು. ಸರಿಹೋಯಿತು. ಎರಡು ಸಲ ಬರುವುದು ನಿಂತಿತು. ಇರುವುದು ಒಂದೇ ಕಟ್ಟಳೆ, ಕೊನೆಯ ಹೆಸರಾದ ಮೇಲೂ ಎಂಟರ್ ಒತ್ತಬೇಕು, ಕೊನೆಯ ಹುಡುಗಿಗೂ ನನಗೂ ನಡುವೆಯೂ ಆ ಗೇಣು ಇರಬೇಕು, ಇಲ್ಲದೆ ನನಗೆ ಅಂಟಿಕೊಂಡು ಕೂತರೆ ಓದುವವಳ ಕೈ ಅವಳನ್ನು ಮುಟ್ಟುವಾಗಲೇ ನನ್ನನ್ನೂ ಮುಟ್ಟುತ್ತದೆ, ನಾನು ಮುಗೀತು ಎನ್ನುತ್ತೇನೆ, ಅವಳ ಹೆಸರು ಅಲ್ಲೇ ಉಳಿಯುತ್ತದೆ. ಅದು ಪ್ರೋಗ್ರಾಮಿನ ತಪ್ಪೇ? ಜಾಗ ಬಿಡದೆ ಕೂತವಳ ತಪ್ಪು. ಪ್ರಲ್ಹಾದನ ಗುಮಾಸ್ತನಿಗೆ ಬೈದು ಬೈದು ಈ ರೂಢಿ ಹಾಕಿಸಿದ್ದೇನೆ, ಅವನು ಈಗ ನಿದ್ದೆಯಲ್ಲೂ ಕೊನೆಗೆ ಎಂಟರ್ ಒತ್ತುತ್ತಾನೆ.

ಅದಕ್ಕೇ ಹೇಳಿದೆ, ಹೆಸರು ಹಾಕಿದ್ದು ಖರೇ ಇದ್ರ ಎಂಟರ್ ಒತ್ತಿರಲಿಕ್ಕಿಲ್ಲ, ಯಾವ ಖೋಡಿ ಟೈಪ್ ಮಾಡ್ಯಾಳೋ ಆಕಿನ್ನ ಕೇಳು. ಇಷ್ಟು ಹೊತ್ತು ಒದರಿದ ದುರ್ಗಾ ಕೆಳಗೆ ನೋಡಿದಳು, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು, ಸಣ್ಣವಳಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದರೆ ಹೀಗೆಯೇ, ಆ ಹೆಬ್ಬೆರಳು ನೋಡಿದ ಕೂಡಲೇ ನನಗೆ ತಿಳಿಯಿತು. ನಾನೇ ಅಕ್ಕ ಆ ಖೋಡಿ, ಅಂದಳು. ಮಂಗಳವಾರ ಸಂಜೀಕ ನೀ ಭಾಜಿ ತರ್ಲಾಕ ಹೋಗಿದ್ದಿ, ಅವ್ವಣ್ಣನ ಹೇಣ್ತಿ ಹುಲಿಗೆವ್ವ ಬಂದ್ಲು, ಪ್ರಲ್ಹಾದ ಕಳಿಸ್ಯಾನ, ನಮ್ಮಾಂವನ ಹೆಸರು ಹಾಕವ್ವ ಅಂದ್ಲು, ಫೈಲಿನ ಕೊನೀಗಿ ಹಾಕಿದೆ, ಆಕಿ ನನ್ನ ಹೆಗಲ ಮ್ಯಾಲ ಬಗ್ಗಿ, ಇದೇ ಏನು ಅವನ ಹೆಸರು, ಇಷ್ಟ ಸಣ್ಣದೇನ ಯವ್ವ ಅಂತ ಪಡದಿ ಮ್ಯಾಲ ಬೆರಳಿಟ್ಟು ನೋಡಿದ್ಲು, ಇಬ್ರೂ ನಕ್ಕೆವು, ನಕ್ಕೋತ ಸೇವ್ ಮಾಡಿ ಎದ್ದುಬಿಟ್ಟೆ, ಎಂಟರ್ ಮರ್ತೆ. — ಸಿಕ್ಕಳು. ಯಾಕೆ ಸುಳ್ಳು ಹೇಳಲಿ, ಸಂತೋಷವೇ ಆಯಿತು, ಲೆಕ್ಕ ಹೊಂದಿತಲ್ಲ, ನೋಡಿದೇನು, ನೋಡಿದೇನು, ನನ್ನ ಪ್ರೋಗ್ರಾಂ ಸುಳ್ಳಾಡಂಗಿಲ್ಲ, ಕ್ಲಾಸು ನಡಸಾಕಿ ನೀ, ಹುಡಿಗ್ಯಾರಿಗೆ ಕಟ್ಟಳಿ ಹೇಳಾಕಿ ನೀ, ನಿನಗೇ ಎಂಟರ್ ಒತ್ತಾಕ ಧಾಡಿ ಏನು. ಹೌದು, ನಂದು ತಪ್ಪು ಅಂದಳು, ಅದನ್ನೇ ಹೇಳ್ಲಾಕ ಬಂದೀನಿ, ನಂದೂ ತಪ್ಪು, ನಿನ್ನ ಪ್ರೋಗ್ರಾಂದೂ ತಪ್ಪು, ನಡಿ ಇಬ್ರೂ ಹೋಗಿ ಪ್ರಲ್ಹಾದಗ ಹೇಳೂಣು. ಪ್ರೋಗ್ರಾಂದು? ಯಾವ ಬಾಯಿಲೆ ಅಂತಿ? ಆಗ ಅವಳು ನಿಂತ ಫ್ಯಾನಿನ ಕೆಳಗೆ ಎರಡು ಕೈ ಬೊಗಸೆ ಮಾಡಿ ನನ್ನ ಮೂಗಿನ ಮುಂದೆ ಹಿಡಿದಳು, ಹೆಸರು ಕೈಯಾಗ ಬಂದದ ಅಕ್ಕ, ಇಕಾ ಹಿಂಗ ಬೊಗಸಿಯೊಳಗ ಬಂದದ, ನಿನ್ನ ಪ್ರೋಗ್ರಾಂ ಅದನ್ನ ಓದ್ಯದ, ಓದಿ ಚೆಲ್ಲಿ ಹೋಗ್ತದ, ಯಾಕ, ನೀ ಮುಗೀತು ಅಂದಿ ಅಂತ. ಮುಗೀತೇನು ಅಂತ ಕೇಳಬ್ಯಾಡ, ಕೈಗೆ ಏನರೆ ಬಂತೇನು ಅಂತ ಕೇಳು, ಬಂದ್ರ ಪಾಸ್ ಹಾಕು, ಬರಲಿಲ್ಲಂದ್ರ ಹೊರಡು, ಎಂಟರ್ ಇರ್ಲಿ ಬಿಡ್ಲಿ, ಒಂದೇ ಸಾಲು ಬದಲ ಮಾಡಿದ್ರ ಸಾಕು. ಎರಡು ವರ್ಷದ ಹಿಂದೆಯೂ ಇದನ್ನೇ ಹೇಳಿದ್ದಳು, ಹೊಸ ಪುಸ್ತಕ ಓದಿ ಬಂದು, ಆಗಲೂ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ, ಹೇಗೆ ಬಂದರೂ ನಡೆಯುತ್ತದೆ ಎಂದು ಒಮ್ಮೆ ಸಡಿಲ ಬಿಟ್ಟರೆ ಮಂದಿ ನಾಳೆ ಹೆಸರೊಳಗೆ ಹೆಸರು ಸಿಕ್ಕಿಸಿ ತರುತ್ತಾರೆ, ಶಿಸ್ತು ಅಂತ ಒಂದಿರಬೇಕು, ಛಡಿ ಇದ್ದದ್ದಕ್ಕೇ ನಾನು ಓದಲು ಕಲಿತದ್ದು. ಎಂಥದು ಶರಣಮ್ಮನವರೇ, ಎಂದು ಮೆಟ್ಟಿಲ ಕೆಳಗಿಂದ ದೇವದಾಸರ ಕೂಗು, ಉಡುಪಿ ಕಡೆಯ ಮನುಷ್ಯ, ಸಿಟ್ಟು ಬಂದರೂ ಮಾತು ಇಡ್ಲಿಯ ಹಾಗೆ ಮೆತ್ತಗೆ, ಗಿರಾಕಿಗಳು ಊಟ ಬಿಟ್ಟು ಮೇಲೆ ನೋಡ್ತಾ ಇದ್ದಾರೆ ಮಾರಾಯ್ರೆ, ನಿಮ್ಮ ಕಂಪ್ಯೂಟರಿನದ್ದು ಕರೆಂಟ್ ಹೋದ್ರೂ ಇಷ್ಟು ಶಬ್ದ ಉಂಟಾ. ನಿಮ್ಮ ಸಾಂಬಾರಿಗೆ ಉಪ್ಪು ಹಾಕ್ರಿ ಮೊದಲ, ಅದನ್ನೇ ನೋಡ್ಲಿಕತ್ತಿರಬೇಕು ಮಂದಿ, ಎಂದು ನಾನು ಕಿಟಕಿಯಿಂದ ಕೂಗಿದೆ. ದುರ್ಗಾಗೆ ನಗು ಬರಬೇಕಿತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ನಗಲಿಲ್ಲ.

ನಾ ಹೋಗಂಗಿಲ್ಲ ಅಂದೆ. ಪ್ರಲ್ಹಾದನ ಜೀಪು ನಾಲ್ಕರತನಕ ಚೌಕಿನ ಪಾನ್ ಅಂಗಡಿಯ ಹತ್ತಿರ ನಿಂತಿರುತ್ತದೆ, ನಾಲ್ಕಕ್ಕೆ ತಳೇಗಾಂವಕ್ಕೆ ಹೊರಡುತ್ತದೆ, ಅವ್ವಣ್ಣನ ಜಾಗಕ್ಕೆ ಬಾಬು ಎನ್ನುವ ಬೇರೊಬ್ಬನನ್ನು ಕೂರಿಸಿಕೊಂಡು, ಅಷ್ಟರೊಳಗೆ ಹೇಳಿದರೆ ಅವ್ವಣ್ಣ ಉಳಿಯುತ್ತಾನೆ, ಆಮೇಲೆ ಹೇಳಿದರೆ ಇಲ್ಲ, ಇದೆಲ್ಲ ನನಗೂ ಗೊತ್ತು, ದುರ್ಗಾ ಹೇಳಬೇಕಾಗಿಲ್ಲ, ಆದರೂ ಹೇಳುತ್ತಾಳೆ, ಕೆಲಸಷ್ಟೇ ಅಲ್ಲಕ್ಕ, ಮುಕಾದಮಗ ಸುಳ್ಳ ಹೇಳಿದಾಂವ ಅಂತ ಒಮ್ಮೆ ಹೆಸರು ಬಂತಂದ್ರ ಚೌಕಿನ್ಯಾಗ ಯಾವ ಮುಕಾದಮನೂ ಕರಿಯಂಗಿಲ್ಲ ಅವಂಗ, ಅಂವ ಏನು ಮಾಡಬೇಕು, ಹುಲಿಗೆವ್ವ ಏನು ಮಾಡಬೇಕು. ಬರುವ ತಿಂಗಳ ಪಾಸ್ ನಾನೇ ಮುಂದೆ ನಿಂತು ಹಾಕಿಸುತ್ತೇನೆ ಅಂದೆ. ಬರೂ ತಿಂಗಳ ಅವನ ಹೆಸರು ಯಾರು ಕೊಡ್ತಾರ ಅಂದಳು. ಹೋಗಿ ಏನೆಂದು ಹೇಳಲಿ ನಾನು, ನಮ್ಮ ಪ್ರೋಗ್ರಾಂ ಹೆಸರು ನುಂಗುತ್ತದೆ ಎಂದೇ, ಪಾನ್ ಅಂಗಡಿಯ ಮುಂದೆ, ಅಷ್ಟು ಜನ ಬಾಯಿ ಕೆಂಪು ಮಾಡಿಕೊಂಡು ನಿಂತಲ್ಲಿ? ಎದುರಿನ ರಸ್ತೆಯಲ್ಲಿ ಎಸಿ ಹಾಕಿದ ಕ್ಲಾಸು ತೆರೆದಿದ್ದಾರೆ, ಟೈ ಕಟ್ಟಿದ ಸರ್‌ಗಳು, ಗಾಜಿನ ಬಾಗಿಲು, ಅಲ್ಲಿಗೆ ಹೋಗದೆ ಈ ಬಸ್ತಿಯ ಹುಡುಗಿಯರು ಈರುಳ್ಳಿ ವಾಸನೆಯ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬರುವುದು ಯಾಕೆ, ಶರಣಮ್ಮ ಬಾಈ ಕಲಿಸಿದ್ದು ತಪ್ಪುವುದಿಲ್ಲ ಅಂತ. ಆ ಮಾತನ್ನು ಒಂದು ಪಾಸಿಗಾಗಿ ಒಡೆದು ಹಾಕಬೇಕೇ. ನಾನು ಒಬ್ಬರ ಮುಂದೆ ಕೈಮುಗಿದು ನಿಂತವಳಲ್ಲ, ಇಟ್ಟಿಗೆ ಹೊತ್ತಾಗಲೂ ನಿಂತಿಲ್ಲ. ಆದರೂ ನಾನು ಕಲ್ಲಲ್ಲ, ಒಂದು ಉಪಾಯ ತೆಗೆದೆ, ಒಳ್ಳೆಯ ಉಪಾಯವೇ, ಯಾರಿಗೂ ಗಾಯವಾಗದ್ದು: ನೀ ಹೋಗು, ಹೋಗಿ ಹುಲಿಗೆವ್ವ ತಡಾಗಿ ಬಂದಿದ್ಲು ಅಂತ ಹೇಳು, ಪಾಸ್ ಅಚ್ಚಾದ ಮ್ಯಾಲ ಬಂದ್ಲು, ಹೆಸರು ಹಾಕ್ಲಾಕ ಆಗ್ಲಿಲ್ಲ ಅಂತ, ಅವ್ವಣ್ಣಂದೂ ಸುಳ್ಳಲ್ಲ, ನಂದೂ ಸುಳ್ಳಲ್ಲ, ಆಕಿ ಹೆಣ್ಣಮಗಳು, ಆಕಿಗೇನು ಕೆಲಸ ಹೋಗೂದದ, ನಾಲ್ಕು ಮಾತು ಬೈಸ್ಕೊಂಡ್ರ ಬೈಸ್ಕೋತಾಳ. ಹೇಳಿ ಮುಗಿಸಿ ನನಗೇ ಹಗುರಾಯಿತು, ನೋಡು, ದಾರಿ ಹುಡುಕಿದರೆ ಸಿಗುತ್ತದೆ, ತಲೆ ಬೇಕು. ದುರ್ಗಾ ಹಿಂದಕ್ಕೆ ಸರಿದಳು, ಒಂದು ಹೆಜ್ಜೆ, ಇನ್ನೊಂದು, ಬೋರ್ಡಿಗೆ ಬೆನ್ನು ಹಚ್ಚಿ ನಿಂತಳು, ತಲೆಯನ್ನೂ ಹಿಂದಕ್ಕೆ ಆನಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು, ಆ ಸಣ್ಣ ದನಿ ನನಗೆ ಸೇರುವುದಿಲ್ಲ, ಒದರಿದರೆ ನಾನೂ ಒದರುತ್ತೇನೆ, ಸಣ್ಣಗೆ ಮಾತಾಡಿದರೆ ಏನು ಮಾಡಬೇಕು ತಿಳಿಯುವುದಿಲ್ಲ — ಆಕಿ ಬೆರಳಿಟ್ಟು ನೋಡ್ಯಾಳಕ್ಕ. ಗಂಡನ ಹೆಸರು ಅಲ್ಲದ ಅಂತ ತನ್ನ ಕೈಲೆ ಮುಟ್ಟಿ ನೋಡಿ ಹೋಗ್ಯಾಳ. ಆಕಿಗಿ ನೀ ತಡಾಗಿ ಬಂದಿ ಅಂತ ನಾ ಹ್ಯಾಂಗ ಅನ್ಲಿ. ಬಾ, ಇಬ್ರೂ ಹೋಗೂಣು. ಮಾತು ನಾ ಆಡ್ತೀನಿ, ನೀ ಬರೇ ಬಾಜೂಕ ನಿಂದ್ರು. ಬರಂಗಿಲ್ಲ. ಬಾ ಅಕ್ಕ. ಬರಂಗಿಲ್ಲ ಅಂದ್ರ ಬರಂಗಿಲ್ಲ, ನೀನೂ ಹೋಗಂಗಿಲ್ಲ, ಹೋದಿ ಅಂದ್ರ ಈ ಮೆಟ್ಟಲಾ ಮತ್ತ ಹತ್ತಬ್ಯಾಡ, ನನಗ ತಂಗಿ ಇಲ್ಲಂತ ತಿಳಕೋತೀನಿ. ಇದು ನಾನು ಇವಳಿಗೆ ನೂರು ಸಲ ಆಡಿದ ಮಾತು, ಸಿನೆಮಾಕ್ಕೆ ಹೋಗುತ್ತೇನೆ ಎಂದಾಗ ಆಡಿದ್ದೇನೆ, ಕೂದಲು ಕತ್ತರಿಸಿಕೊಂಡು ಬಂದಾಗ ಆಡಿದ್ದೇನೆ, ಮಾತಿಗೆ ಮೂಗುದಾಣ ಹಾಕಿ ಆಡುವವಳಲ್ಲ ನಾನು, ಅವಳಿಗೂ ಗೊತ್ತು. ಆತು ಅಂದಳು. ಅಷ್ಟೇ. ಬೋರ್ಡನ್ನು ಬಿಟ್ಟು ನೆಟ್ಟಗೆ ನಿಂತಳು, ಚಪ್ಪಲಿ ಮೆಟ್ಟಿದಳು, ನನ್ನ ಕಡೆ ತಿರುಗಿ ನೋಡದೆ ಬಾಗಿಲು ದಾಟಿದಳು, ಆಗ ಕಂಡಿತು ಅವಳ ಬೆನ್ನು, ಗಾಢ ನೀಲಿ ಚೂಡಿದಾರ, ಅದರ ತುಂಬ ಬಿಳೀ ಸುಣ್ಣ, ಬೋರ್ಡಿನ ಮೇಲೆ ನಾನು ಬರೆದಿದ್ದ ಸಾಲು, ಮುಗಿದಿದ್ದರೆ ಹೊರಡು ಎನ್ನುವ ಆ ಒಂದು ಸಾಲು, ತಿರುಗುಮುರುಗಾಗಿ ಅವಳ ಬೆನ್ನಿಗೆ ಅಂಟಿತ್ತು, ಅಕ್ಷರ ಎಡದಿಂದ ಬಲಕ್ಕೆ ಹೋಗದೆ ಬಲದಿಂದ ಎಡಕ್ಕೆ. ಏ ದುರ್ಗಿ, ಬೆನ್ನಿಗೆ ಸುಣ್ಣ ಹತ್ಯದ, ಝಾಡಿಸ್ಕೋ ಎಂದು ಕೂಗಬೇಕೆಂದು ಬಾಯಿ ತೆರೆದೆ, ಸಿಟ್ಟು ಬಾಯಿ ಮುಚ್ಚಿಸಿತು, ಹೋಗಲಿ, ಹಾಗೇ ಹೋಗಲಿ ಚೌಕಿಗೆ, ಮಂದಿ ನಗಲಿ.

ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ, ಹೊಟ್ಟೆ ಹಸಿದರೆ ಬರುತ್ತಾಳೆ, ಎಂದು ಕೂತೆ. ನಾಲ್ಕಾಗಿರಬೇಕು, ಚೌಕಿನ ಕಡೆ ಜೀಪು ಗುರುಗುಟ್ಟಿ ಹೋದ ಸದ್ದು. ಐದಕ್ಕೆ ಫ್ಯಾನು ಕಟಕಟ ಎಂದು ತಿರುಗಿತು, ಕರೆಂಟ್ ಬಂತು, ನೊಣ ಹೋಯಿತು, ಮಶಿನ್ನು ಹಚ್ಚಿದೆ, ಫ್ಲಾಪಿ ಹಾಕಿದೆ, ಫೈಲು ತೆರೆದೆ, ಕೊನೆಗೆ ಹೋದೆ. ಇತ್ತು. ಅವ್ವಣ್ಣ. ಸಣ್ಣ ಅಕ್ಷರ, ಕೊನೆಯ ಅಕ್ಷರದ ಮಗ್ಗುಲಿಗೇ ಫೈಲು ಮುಗಿದಿತ್ತು, ಎಂಟರ್ ಇರಲಿಲ್ಲ, ನಾನು ಹೇಳಿದ್ದೇ ಹೇಳಿದ್ದು. ನನ್ನ ಬೆರಳಿನಿಂದ ಎಂಟರ್ ಒತ್ತಿದೆ. ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ, ಮುಟ್ಟುವ ಗರಜು ಏನಿದೆ, ಓಡಿಸಿದೆ, ಪ್ರಿಂಟರು ಕೀರುಗುಟ್ಟುತ್ತ ಒಂದೊಂದೇ ಪಾಸ್ ಕಕ್ಕಿತು, ಕೊನೆಯದು ಅವ್ವಣ್ಣಂದು, ನೋಡು, ಬಂತು, ಸರಿಯಾಗಿ ಕೊಟ್ಟರೆ ಸರಿಯಾಗಿ ಬರುತ್ತದೆ, ಹರಿದು ಕೈಯಲ್ಲಿ ಹಿಡಿದು ಏ ದುರ್ಗಿ ಇಕಾ ನೋಡು ಎಂದು ಹೊರಳಿದೆ, ಬೋರ್ಡಿನ ಮುಂದೆ ಯಾರಿರುತ್ತಾರೆ. ದೇವದಾಸರು ಮೇಲೆ ಬಂದರು, ಅವರು ಈ ಮೆಟ್ಟಿಲು ಹತ್ತುವುದು ವರ್ಷಕ್ಕೊಮ್ಮೆ, ಉಸಿರು ತಗೊಂಡು ಹೇಳಿದರು, ಪ್ರಲ್ಹಾದನ ಫೋನ್ ಬಂದಿತ್ತು, ನಿಮ್ಮ ತಂಗಿ ಚೌಕಿಗೆ ಹೋಗಿ ಹೇಳಿದ್ಲಂತೆ, ಹೆಸರು ಕೊಟ್ಟದ್ದು ಹೌದು, ತಾನೇ ತಪ್ಪು ಟೈಪ್ ಮಾಡಿದ್ದು ಅಂತ, ಅವ ಅವಳಿಗೆ ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದನಂತೆ, ಕಡೆಗೆ ಅವ್ವಣ್ಣನನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹೋದ, ಪಾಸ್ ಬೇಗ ಕಳಿಸಿ ಅಂದ. ಪ್ರೋಗ್ರಾಮಿನ ವಿಷಯ ಏನಂದಳಂತೆ ಎಂದು ಕೇಳಿದೆ. ಎಂಥ ಪ್ರೋಗ್ರಾಮು, ಅದರದ್ದೇನೂ ಮಾತಿಲ್ಲ, ಎಲ್ಲ ತನ್ನದೇ ತಪ್ಪು ಅಂದ್ಲಂತೆ, ನಮ್ಮಕ್ಕನ ಕೆಲಸ ಸರಿ ಉಂಟು ಅಂದ್ಲಂತೆ, ಅಷ್ಟೆ. ಒಳ್ಳೆಯದಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಅವ್ವಣ್ಣನೂ ಉಳಿದ, ಕ್ಲಾಸಿನ ಹೆಸರೂ ಉಳಿಯಿತು, ಅವಳು ಬಂದ ಮೇಲೆ ಒಂದು ಮಾತೂ ಬೈಯುವುದಿಲ್ಲ, ಮೆಟ್ಟಿಲು ಹತ್ತಬೇಡ ಎಂದದ್ದನ್ನು ನಾನೇ ನುಂಗಿಕೊಳ್ಳುತ್ತೇನೆ, ಊಟಕ್ಕೆ ಪುಂಡಿಪಲ್ಯ ಮಾಡುತ್ತೇನೆ. ಸಂಜೆಯ ಬ್ಯಾಚು ಬಂತು, ದುರ್ಗಾತಾಈ ಕುಠೇ ಎಂದು ಕೇಳಿತು, ಬರ್ತಾಳ ಕೂಡ್ರಿ ಅಂದೆ. ಬರಲಿಲ್ಲ. ಪುಂಡಿಪಲ್ಯ ಹಳಸಿತು. ರವಿವಾರ ಕಾಶಪ್ಪ ಬಂದು ತಳೇಗಾಂವದತನಕ ಹುಡುಕಿ ಹೋದ, ಅಲ್ಲಿ ಗೆಳತಿಯ ಕೋಣೆಯಲ್ಲಿದ್ದಾಳೆ, ಯಾವುದೋ ಕಂಪನಿಯ ಆಫೀಸಿನಲ್ಲಿ ಕೆಲಸ ಹುಡುಕಿಕೊಂಡಿದ್ದಾಳೆ, ಆರಾಮ ಇದ್ದಾಳೆ, ಅಕ್ಕನ ಮ್ಯಾಲ ನನಗ ಸಿಟ್ಟಿಲ್ಲ ಅಂತ ಹೇಳ್ರಿ ಅಂದಳು, ಬರ್ತಿಯೇನು ಅಂದ್ರ ತಲಿ ಅಲ್ಲಾಡಿಸಿದ್ಲು, ಎಂದ, ಹೇಳಿ ಮಗ್ಗುಲಾಗಿ ಮಲಗಿದ. ಅವಳ ಬಟ್ಟೆ ಒಯ್ಯಲು ಹುಲಿಗೆವ್ವ ಬಂದಳು, ಕೂಡು ಅಂದರೆ ಕೂಡಲಿಲ್ಲ, ಚಹಾ ಅಂದರೆ ಬ್ಯಾಡ್ರಿ ಅಕ್ಕಾರ ಅಂದಳು, ಟ್ರಂಕು ತಲೆಯ ಮೇಲಿಟ್ಟುಕೊಂಡು ಇಳಿದು ಹೋದಳು. ಮತ್ತೆ ಗುರುವಾರ ಬಂತು, ಮತ್ತೊಂದು, ಬೋರ್ಡು ಒರೆಸಿಲ್ಲ ನಾನು, ಒರೆಸುವ ಗರಜು ಬಿದ್ದಿಲ್ಲ, ಮೇಲಿನ ಸಾಲುಗಳಿವೆ, ಕೆಳಗಿನ ಸಾಲುಗಳಿವೆ, ನಡುವೆ ಒಂದು ಬೆನ್ನಿನಷ್ಟು ಅಗಲ ಕಪ್ಪು, ಅಲ್ಲಿದ್ದ ಸಾಲು ನನಗೆ ಬಾಯಿಪಾಠ, ಕಣ್ಣು ಮುಚ್ಚಿದರೂ ಬರೆಯಬಲ್ಲೆ, ಸೀಮೆಸುಣ್ಣ ಹಿಡಿದು ನಿಲ್ಲುತ್ತೇನೆ, ಹೊಸ ಬ್ಯಾಚಿನವರು ಬಾಈ ಮುಂದೇನು ಎಂದು ಕೇಳುತ್ತಾರೆ, ಮುಂದೆ ಇದೆ, ಹೇಳುತ್ತೇನೆ, ಕೊನೆಯ ಹೆಸರಾದ ಮೇಲೆ — ಮೆಟ್ಟಿಲ ತಿರುವು, ನೀಲಿ ಬೆನ್ನು, ಬೆನ್ನ ಮೇಲೆ ಬಿಳೀ ಸಾಲು ಬಲದಿಂದ ಎಡಕ್ಕೆ, ಝಾಡಿಸ್ಕೋ ಎಂದು ಯಾರೂ ಹೇಳಿರಲಿಕ್ಕಿಲ್ಲ ಚೌಕಿನತನಕ, ಪಾನ್ ಅಂಗಡಿಯ ಮುಂದೆ ಅಷ್ಟು ಜನರಿಗೆ ಬೆನ್ನು ಮಾಡಿ ನಿಂತು ಬೈಸಿಕೊಳ್ಳುವಾಗಲೂ ಅದು ಅಲ್ಲೇ, ನೀಲಿಯ ಮೇಲೆ ಬಿಳಿ, ನನ್ನ ಕೈಬರಹ, ಮೆಟ್ಟಿಲ ತಿರುವು, ನೀಲಿ ಬೆನ್ನು —